ಸರ್ವೇಶ್ವರನೆಂಬ ನಾಮವೂ ತತ್ತ್ವಬೋಧಕ ಸ್ವಾಮಿಗಳೂ

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ, ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಆಸ್ತಿಯನ್ನು ಎಣಿಸುವುದು ಸಹಜ. ಕಟ್ಟಡ, ಪೀಠ, ಗಂಟೆ, ಸ್ವರೂಪಗಳು ಎಲ್ಲರ ಕಣ್ಣಿಗೂ ಕಾಣುವ ಆಸ್ತಿ. ಆದರೆ ಕಣ್ಣಿಗೆ ಕಾಣದೆ ನಾಲಗೆಯ ಮೇಲೆ ಮಾತ್ರ ಉಳಿದುಬಂದಿರುವ ಆಸ್ತಿಯೊಂದಿದೆ. ಅದು ‘ಸರ್ವೇಶ್ವರ’ ಎಂಬ ನಾಮ. ಬಲಿಪೂಜೆಯಲ್ಲಿ, ಮನೆಯ ಸಂಜೆಯ ಜಪದಲ್ಲಿ, ರೋಗಿಯ ಹಾಸಿಗೆಯ ಬಳಿಯಲ್ಲಿ, ಸಮಾಧಿಯ ಅಂಚಿನಲ್ಲಿ ನಾವು ದೇವರನ್ನು ಕರೆಯುವ ಈ ನಾಮವು ನಮಗೆ ಅನಾಯಾಸವಾಗಿ ದೊರೆತದ್ದಲ್ಲ. ದಕ್ಷಿಣ ಭಾರತದ ಕ್ರೈಸ್ತರ ಬಾಯಿಯಲ್ಲಿ ಅದನ್ನು ನೆಲೆಗೊಳಿಸಿದವರಲ್ಲಿ ಪ್ರಮುಖರಾದ ಯೇಸುಸಭೆಯ ಗುರು ರೋಬೆರ್ತೊ ದೆ ನೋಬಿಲಿಯವರು ತಮ್ಮ ಮಾರ್ಗಕ್ಕಾಗಿ ಬಹಳ ನೋವನ್ನು ಉಂಡವರು. ತಮಿಳು ನಾಡಿನ ಜನರು ಅವರನ್ನು ತತ್ತ್ವಬೋಧಕ ಸ್ವಾಮಿಗಳೆಂದು ಕರೆದರು.

ಜನನ ಮತ್ತು ದೈವಕರೆ

ದೆ ನೋಬಿಲಿಯವರು 1577ರಲ್ಲಿ ಇಟಲಿಯ ಶ್ರೀಮಂತ ಕುಲೀನ ಮನೆತನವೊಂದರಲ್ಲಿ ಜನಿಸಿದರು. ಜಗದ್ಗುರು ಮೂರನೆಯ ಜೂಲಿಯಸ್‌ರವರು ಈ ವಂಶಕ್ಕೆ ಸಂಬಂಧಪಟ್ಟವರು. ಮುಂದೆ ಸಂತಪದವಿಗೇರಿದ ಕಾರ್ಡಿನಲ್ ರಾಬರ್ಟ್ ಬೆಲ್ಲರ್ಮಿನ್‌ರವರು ಹತ್ತಿರದ ಬಂಧುಗಳು. ಹಿರಿಯ ಮಗನಾದ ಇವರು ಮನೆತನದ ಕೀರ್ತಿಯನ್ನು ಬೆಳೆಸಬೇಕೆಂಬುದು ಕುಟುಂಬದ ಆಸೆಯಾಗಿತ್ತು. ಅವರಾದರೋ ಎಲ್ಲವನ್ನೂ ತೊರೆದು ಯೇಸುಸಭೆಯನ್ನು ಸೇರಿದರು. 1604ರಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ, ಕಷ್ಟಕರವಾದ ಪ್ರಯಾಣದ ನಂತರ 1605ರಲ್ಲಿ ಗೋವೆಯನ್ನು ತಲಪಿದರು. ಕೊಚ್ಚಿಯಲ್ಲಿಯೂ ಮುತ್ತಿನ ಕರಾವಳಿಯಲ್ಲಿಯೂ ಕೆಲಕಾಲವಿದ್ದು ತಮಿಳನ್ನು ಕಲಿತು, 1606ರ ಕೊನೆಯಲ್ಲಿ ನಾಯಕರ ರಾಜಧಾನಿಯಾದ ಮಧುರೆಗೆ ಬಂದರು.

ಮಧುರೆಯಲ್ಲಿ ಕಂಡದ್ದು

ಮಧುರೆಯಲ್ಲಿ ಅದಾಗಲೇ ಗೊನ್ಸಾಲೊ ಫೆರ್ನಾಂಡಿಸ್ ಎಂಬ ಪೋರ್ತುಗೀಸ್ ಗುರುಗಳು ಇದ್ದರು. ಅವರು ಭಕ್ತಿವಂತರು, ಶ್ರಮಜೀವಿಗಳು. ಕರಾವಳಿಯಿಂದ ಬಂದು ನೆಲೆಸಿದ್ದ ಕ್ರೈಸ್ತರ ಆತ್ಮಪಾಲನೆಯನ್ನು ಅವರು ಮಾಡುತ್ತಿದ್ದರಾದರೂ ಊರಿನ ಜನರಲ್ಲಿ ಯಾರೂ ಅವರ ಬೋಧನೆಗೆ ಕಿವಿಗೊಟ್ಟಿರಲಿಲ್ಲ. ಇದಕ್ಕೆ ಕಾರಣವೇನೆಂದು ದೆ ನೋಬಿಲಿಯವರು ಯೋಚಿಸಿದರು. ಪೋರ್ತುಗೀಸರನ್ನು ಜನರು ಪರಂಗಿಯರೆಂದು ಕರೆಯುತ್ತಿದ್ದರು. ಗೋಮಾಂಸವನ್ನು ತಿನ್ನುವವರು, ಮದ್ಯಪಾನ ಮಾಡುವವರು, ಸ್ನಾನಾದಿ ಆಚಾರಗಳಿಲ್ಲದವರು ಎಂಬ ತಿರಸ್ಕಾರವು ಆ ಮಾತಿನಲ್ಲಿ ಅಡಗಿತ್ತು. ಇದು ಸಾಲದೆಂಬಂತೆ, ದೀಕ್ಷಾಸ್ನಾನಕ್ಕೆ ಬಂದವರನ್ನು ನೀವು ಪರಂಗಿಯ ಕುಲವನ್ನು ಸೇರಲು ಬಯಸುತ್ತೀರಾ ಎಂದು ಕೇಳುವ ರೂಢಿಯು ಬೆಳೆದಿತ್ತು. ಕ್ರಿಸ್ತರನ್ನು ಸೇರುವುದೆಂದರೆ ಹೊರದೇಶದ ಒಂದು ಜಾತಿಯನ್ನು ಸೇರುವುದೆಂದು ಜನರು ತಿಳಿದರೆ, ಅವರ ದೇವರೂ ಆ ಜಾತಿಯ ದೇವರೆಂದೇ ತಿಳಿಯುವುದರಲ್ಲಿ ಆಶ್ಚರ್ಯವೇನು?

ಆದುದರಿಂದ ದೆ ನೋಬಿಲಿಯವರು ತಮ್ಮ ಹಿರಿಯರ ಅನುಮತಿಯನ್ನು ಪಡೆದು ಕರಿಯ ನಿಲುವಂಗಿಯನ್ನು ಕಳಚಿ ಕಾವಿಯನ್ನು ಉಟ್ಟರು. ಪಾದುಕೆ, ದಂಡ, ಕಮಂಡಲುಗಳನ್ನು ಧರಿಸಿ, ಪ್ರತ್ಯೇಕ ಕುಟೀರದಲ್ಲಿ ವಾಸಿಸಿ, ದಿನಕ್ಕೊಂದು ಹೊತ್ತು ಸಸ್ಯಾಹಾರವನ್ನು ಸೇವಿಸುತ್ತ ಸಂನ್ಯಾಸಿಯಂತೆ ಬಾಳಿದರು. ಶಿವಧರ್ಮನೆಂಬ ಬ್ರಾಹ್ಮಣ ಪಂಡಿತನಿಂದ ಸಂಸ್ಕೃತವನ್ನು ಕಲಿತರು. ಆ ಭಾಷೆಯನ್ನು ಆಳವಾಗಿ ಅಭ್ಯಸಿಸಿದ ಮೊದಲ ಯುರೋಪಿಯನ್ನರಲ್ಲಿ ಅವರೊಬ್ಬರು. ಕಲಿಸಿದ ಪಂಡಿತನೇ ಮುಂದೆ ಶಿಷ್ಯನಾಗಿ ದೀಕ್ಷಾಸ್ನಾನವನ್ನು ಪಡೆದನು.

ದೇವರನ್ನು ಯಾವ ಹೆಸರಿನಿಂದ ಕರೆಯಬೇಕು?

ಉಡುಪನ್ನು ಬದಲಿಸುವುದು ಸುಲಭ. ಮಾತನ್ನು ಬದಲಿಸುವುದು ಕಷ್ಟ. ಅದರಲ್ಲಿಯೂ ದೇವರ ಹೆಸರಿನ ವಿಷಯದಲ್ಲಿ ತಪ್ಪಿದರೆ ಬೋಧನೆಯೆಲ್ಲವೂ ತಪ್ಪುತ್ತದೆ. ಇದಕ್ಕೆ ಸಂತ ಫ್ರಾನ್ಸಿಸ್ ಸವೇರಿಯವರ ಅನುಭವವೇ ಸಾಕ್ಷಿ. 1549ರಲ್ಲಿ ಜಪಾನಿಗೆ ಹೋದ ಆ ಮಹಾಪ್ರೇಷಿತರು ತಮ್ಮ ದುಭಾಷಿಯ ಮಾತನ್ನು ನಂಬಿ ದೇವರನ್ನು ‘ದೈನಿಚಿ’ ಎಂದು ಕರೆದರು. ಕೆಲವು ಬೌದ್ಧ ಭಿಕ್ಷುಗಳು ಅವರನ್ನು ಆದರದಿಂದ ಬರಮಾಡಿಕೊಂಡರು. ಆದರೆ ಅದು ಮಹಾವೈರೋಚನ ಬುದ್ಧನ ಹೆಸರೆಂದೂ, ಭಿಕ್ಷುಗಳು ತಮ್ಮ ಮತವನ್ನೇ ಈತ ಬೋಧಿಸುತ್ತಿದ್ದಾನೆಂದು ತಿಳಿದಿರುವರೆಂದೂ 1551ರಲ್ಲಿ ಅವರಿಗೆ ಅರಿವಾಯಿತು. ಕೂಡಲೇ ಅವರು ಆ ಹೆಸರನ್ನು ಕೈಬಿಟ್ಟು ‘ದೇವುಸ್’ ಎಂಬ ಲತೀನ್ ಪದವನ್ನೇ ಬಳಸತೊಡಗಿದರು. ಹೀಗೆ ಒಂದು ಅಪಾಯವು ತಪ್ಪಿತಾದರೂ, ಅರ್ಥವಾಗದ ಪರದೇಶದ ಶಬ್ದವೆಂಬ ಇನ್ನೊಂದು ತೊಡಕು ಉಳಿಯಿತು.

ದೆ ನೋಬಿಲಿಯವರ ಮುಂದೆಯೂ ಈ ಎರಡು ತೊಡಕುಗಳಿದ್ದವು. ನಾಡಿನ ದೇವತೆಯೊಬ್ಬನ ಅಂಕಿತನಾಮವನ್ನು ತೆಗೆದುಕೊಂಡರೆ ಅದರೊಡನೆ ಆ ದೇವತೆಯ ಪುರಾಣಗಳೆಲ್ಲವೂ ಹಿಂಬಾಲಿಸಿ ಬರುತ್ತವೆ. ಲತೀನ್ ಪದವನ್ನು ಹೇರಿದರೆ ದೇವರು ಪರಂಗಿಯಾಗಿಯೇ ಉಳಿಯುತ್ತಾರೆ. ಅವರ ಬರಹಗಳಲ್ಲಿ ನೆಲೆನಿಂತದ್ದು ‘ಸರ್ವೇಶ್ವರ’ ಎಂಬ ಪದ; ಎಂದರೆ ಎಲ್ಲಕ್ಕೂ ಒಡೆಯನು. ಮಾಂಡೂಕ್ಯ ಮೊದಲಾದ ಉಪನಿಷತ್ತುಗಳಲ್ಲಿಯೂ ಕಂಡುಬರುವ ಈ ಪದವು ಪಂಡಿತರಿಗೆ ಪರಿಚಿತ, ಪಾಮರರಿಗೂ ಸುಬೋಧ. ಅದು ಒಬ್ಬ ದೇವತೆಯ ಹೆಸರಾಗಿರದೆ ಒಡೆತನವನ್ನು ಸಾರುವ ಬಿರುದಾಗಿದೆ. ತಮಿಳಿನಲ್ಲಿ ಅವರು ರಚಿಸಿದ ‘ಜ್ಞಾನೋಪದೇಶ’ವೇ ಮೊದಲಾದ ಗ್ರಂಥಗಳ ಮೂಲಕ ಅದು ಕ್ರೈಸ್ತರ ಮನೆಮಾತಾಯಿತು. ಬಲಿಯರ್ಪಣೆಗೆ ಪೂಜೆಯೆಂಬ ಮಾತು ಬಳಕೆಗೆ ಬಂದುದೂ ಇದೇ ದಾರಿಯಲ್ಲಿ.

ಇದು ಧರ್ಮಸಭೆಗೆ ಹೊಸ ಮಾರ್ಗವೇನೂ ಅಲ್ಲವೆಂಬುದನ್ನು ಪವಿತ್ರ ಬೈಬಲ್ಲಿನ ಚರಿತ್ರೆಯೇ ತೋರಿಸುತ್ತದೆ. ಹೋರೇಬ್ ಬೆಟ್ಟದಲ್ಲಿ, ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯ ನಡುವಿನಿಂದ ದೇವರು ಮೋಶೆಗೆ ತಮ್ಮ ನಾಮವನ್ನು ಪ್ರಕಟಿಸಿದರು. ಹೀಬ್ರೂ ಭಾಷೆಯಲ್ಲಿ ಅದು ನಾಲ್ಕು ಅಕ್ಷರಗಳ ನಾಮ. ಇಸ್ರಯೇಲರು ಭಯಭಕ್ತಿಯಿಂದ ಕಾಲಕ್ರಮದಲ್ಲಿ ಅದನ್ನು ಉಚ್ಚರಿಸುವುದನ್ನೇ ಬಿಟ್ಟು, ಓದುವಾಗ ಅದರ ಸ್ಥಾನದಲ್ಲಿ ‘ಅದೋನಾಯ್’, ಎಂದರೆ ಪ್ರಭು ಎಂದು ಹೇಳತೊಡಗಿದರು. ಗ್ರೀಕ್ ಅನುವಾದದಲ್ಲಿ ಅದು ‘ಕೂರಿಯೊಸ್’ ಆಯಿತು. ಸಂತ ಜೆರೋಮರ ಲತೀನ್ ಅನುವಾದದಲ್ಲಿ ‘ದೋಮಿನುಸ್’ ಆಯಿತು. ನಾಲ್ಕು ಅಕ್ಷರಗಳಿಗೆ ಅದೋನಾಯ್ ಪದದ ಸ್ವರಗಳು ಕೂಡಿ ಹುಟ್ಟಿದ ರೂಪವೇ ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಕನ್ನಡ ಬೈಬಲ್ಲಿನಲ್ಲಿರುವ ‘ಯೆಹೋವ’. ಆ ಪವಿತ್ರ ನಾಮವನ್ನು ದೈವಾರಾಧನೆಯಲ್ಲಿ ಉಚ್ಚರಿಸದೆ ಪ್ರಭು ಎಂಬರ್ಥದ ಪದವನ್ನೇ ಬಳಸಬೇಕೆಂದು 2008ರಲ್ಲಿ ರೋಮಿನ ಆರಾಧನಾವಿಧಿ ಪೀಠವು ಲೋಕದ ಧರ್ಮಾಧ್ಯಕ್ಷರಿಗೆ ಸೂಚಿಸಿತು. ನಮ್ಮ ಕಥೋಲಿಕ ಕನ್ನಡ ಶ್ರೀಗ್ರಂಥದಲ್ಲಿ ಆ ಸ್ಥಾನದಲ್ಲಿರುವುದು ಸರ್ವೇಶ್ವರ ಎಂಬ ಪದ.

ಆಪಾದನೆ ಮತ್ತು ತೀರ್ಪು

ದೆ ನೋಬಿಲಿಯವರ ಈ ಮಾರ್ಗವು ಎಲ್ಲರಿಗೂ ಹಿಡಿಸಲಿಲ್ಲ. 1610ರಲ್ಲಿ, ಜೊತೆಯಲ್ಲಿಯೇ ಇದ್ದ ಫೆರ್ನಾಂಡಿಸ್‌ರವರು ಅವರ ಮೇಲೆ ದೂರು ಬರೆದರು. ಜನಿವಾರ, ಜುಟ್ಟು, ಗಂಧ, ಸ್ನಾನಗಳಿಗೆ ಅವಕಾಶವಿತ್ತು ಅವರು ಕ್ರೈಸ್ತಧರ್ಮವನ್ನೇ ಅನ್ಯಧರ್ಮದೊಡನೆ ಬೆರೆಸುತ್ತಿದ್ದಾರೆಂಬುದು ಆಪಾದನೆ. ದೂರು ರೋಮನ್ನು ತಲಪಿತು. ಬಂಧುವಾದ ಬೆಲ್ಲರ್ಮಿನ್‌ರವರೂ ಮೊದಲು ನೊಂದು ಗದರಿಸಿ ಪತ್ರ ಬರೆದರು. ವಿವರಣೆಯನ್ನು ಓದಿದ ಮೇಲೆ ಬೆಂಬಲಿಗರಾದರು. ಕ್ರಾಂಗನೂರಿನ ಮಹಾಧರ್ಮಾಧ್ಯಕ್ಷ ಫ್ರಾನ್ಸಿಸ್ಕೊ ರೋಸ್‌ರವರು ಕೈಬಿಡಲಿಲ್ಲ. 1619ರಲ್ಲಿ ಗೋವೆಯಲ್ಲಿ ಸೇರಿದ ಸಭೆಯ ಮುಂದೆ ದೆ ನೋಬಿಲಿಯವರು ಕಾವಿಯುಟ್ಟೇ ನಿಂತು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಂಡರಾದರೂ ಅಲ್ಲಿನ ಮಹಾಧರ್ಮಾಧ್ಯಕ್ಷರೂ ಬಹುಮಂದಿಯೂ ಒಪ್ಪಲಿಲ್ಲ. ಅವರು ಸಭೆಯ ವಿಧೇಯತೆಯನ್ನು ಮೀರಲಿಲ್ಲ, ತಮ್ಮ ನಂಬಿಕೆಯನ್ನೂ ಬಿಡಲಿಲ್ಲ. ಕಡೆಗೆ 1623ರ ಜನವರಿ 31ರಂದು ಜಗದ್ಗುರು ಹದಿನೈದನೆಯ ಗ್ರೆಗೋರಿಯವರು, ಮೂಢಾಚಾರವನ್ನು ದೂರವಿಟ್ಟು ಈ ಚಿಹ್ನೆಗಳನ್ನು ಇಟ್ಟುಕೊಳ್ಳಬಹುದೆಂದು ಆಜ್ಞಾಪಿಸಿದರು.

ಆ ಆಜ್ಞೆಯಲ್ಲಿಯೇ ಇನ್ನೊಂದು ಎಚ್ಚರಿಕೆಯೂ ಇತ್ತು: ಕುಲೀನರು ಕುಲದ ಹೆಮ್ಮೆಯನ್ನು ಬಿಟ್ಟು ದೀನರನ್ನು ತಿರಸ್ಕರಿಸದಿರಬೇಕು. ಇಲ್ಲಿ ನಾವು ಸತ್ಯವನ್ನು ಮರೆಮಾಚಬಾರದು. ತಾವು ಪರಂಗಿಯಲ್ಲವೆಂದು ಸಾರುವ ಭರದಲ್ಲಿ ದೆ ನೋಬಿಲಿಯವರು ಬಡ ಕರಾವಳಿ ಕ್ರೈಸ್ತರಿಂದ ದೂರ ನಿಂತರು. ಜಾತಿಭೇದವನ್ನು ಲೋಕದ ಅಂತಸ್ತೆಂದು ಬಗೆದು ಬೇರೆ ಬೇರೆ ಜಾತಿಯವರಿಗೆ ಬೇರೆ ಬೇರೆ ಆರಾಧನೆಯ ಸ್ಥಳಗಳನ್ನು ಒಪ್ಪಿದರು. ಎಲ್ಲರ ಒಡೆಯನೆಂಬ ನಾಮವನ್ನು ಬೋಧಿಸಿದವರೇ ಆ ‘ಎಲ್ಲರ’ನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲಾರದೆ ಹೋದರು. 1640ರ ಸುಮಾರಿಗೆ ಪಂಡಾರಸ್ವಾಮಿಗಳೆಂಬ ಬೇರೊಂದು ವರ್ಗದ ಗುರುಗಳು ಕೆಳಜಾತಿಯವರ ನಡುವೆ ಸೇವೆಗೆ ಇಳಿದಾಗ ಆ ಕೊರತೆಯು ಸ್ವಲ್ಪ ಮಟ್ಟಿಗೆ ತುಂಬಿತಾದರೂ ಗಾಯವು ಮಾಯಲಿಲ್ಲ.

ಕನ್ನಡ ನಾಡಿಗೆ ಬಂದ ಬಗೆ, ಕೊನೆಯ ದಿನಗಳು

1640ರ ದಶಕದ ಕೊನೆಯಲ್ಲಿ ಯೇಸುಸಭೆಯ ಮತ್ತೊಬ್ಬ ಇಟಾಲಿಯನ್ ಗುರು ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನಿಗೆ ಅಡಿಗಲ್ಲನ್ನಿಟ್ಟರು. ದೆ ನೋಬಿಲಿಯವರ ಮಾದರಿಯಲ್ಲಿಯೇ ಅವರೂ ಸಂನ್ಯಾಸಿಯಾಗಿ ಬಾಳಿ, ಕನ್ನಡವನ್ನು ಕಲಿತು ಧರ್ಮೋಪದೇಶದ ಗ್ರಂಥವನ್ನು ಬರೆದರು. ಹೀಗೆ ಮಧುರೆಯಲ್ಲಿ ಹಚ್ಚಿದ ದೀಪದಿಂದಲೇ ನಮ್ಮ ನಾಡಿನ ದೀಪವೂ ಹತ್ತಿಕೊಂಡಿತು.

ದೆ ನೋಬಿಲಿಯವರು 1640ರಲ್ಲಿ ಮಧುರೆಯಲ್ಲಿ ಸೆರೆವಾಸವನ್ನೂ ಅನುಭವಿಸಿದರು. ವೃದ್ಧಾಪ್ಯದಲ್ಲಿ ಕಣ್ಣಿನ ಬೆಳಕು ಬಹುಮಟ್ಟಿಗೆ ನಂದಿಹೋಯಿತು. ಹಿರಿಯರ ಅಪ್ಪಣೆಯಂತೆ ಪ್ರೀತಿಯ ಮಧುರೆಯನ್ನು ತೊರೆದು ಯಾಳ್ಪಾಣಕ್ಕೆ ಹೋಗಿ, ಅಲ್ಲಿಂದ ಮೈಲಾಪುರಕ್ಕೆ ಬಂದರು. ಅಲ್ಲಿಯೂ ಗುಡಿಸಲಿನ ವಾಸ, ಗಂಜಿ ಸೊಪ್ಪಿನ ಊಟ ಬಿಡಲಿಲ್ಲ. ಬರೆಯಲಾಗದಿದ್ದರೂ ಹೇಳಿ ಬರೆಸುತ್ತ ಗ್ರಂಥಗಳನ್ನು ತಿದ್ದಿದರು. 1656ರ ಜನವರಿ 16ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಸಂತ ತೋಮಾಸರ ಆ ನಗರದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ಪ್ರಿಯ ವಿಶ್ವಾಸಿಗಳೇ, ಸ್ವಾಮಿ ಯೇಸು ಕಲಿಸಿಕೊಟ್ಟ ಜಪದ ಮೊದಲನೆಯ ಬಿನ್ನಹವು ದೇವರ ನಾಮದ ಪಾವಿತ್ರ್ಯಕ್ಕಾಗಿಯೇ ಇದೆ. ನಮ್ಮ ದೇವರನ್ನು ನಾವು ನಮ್ಮ ತಾಯಿನುಡಿಯಲ್ಲಿ ಕರೆಯುವಂತೆ ಮಾಡಲು ಒಬ್ಬ ಮಹನೀಯರು ದೇಶ, ವೇಷ, ಕೀರ್ತಿಗಳನ್ನು ತ್ಯಜಿಸಿದರು. ಅವರು ಕೊಟ್ಟ ನಾಮವನ್ನು ನಾವು ಭಕ್ತಿಯಿಂದ ಉಚ್ಚರಿಸೋಣ. ಅವರು ಪೂರೈಸದೆ ಬಿಟ್ಟ ಕೆಲಸವನ್ನೂ ನೆನೆಯೋಣ. ಈ ದೇವಾಲಯದ ಬಾಗಿಲನ್ನು ದಾಟಿ ಬರುವ ಯಾವನನ್ನೂ ಕುಲವನ್ನು ಕೇಳಿ ಹಿಂದಿನ ಸಾಲಿಗೆ ಕಳುಹಿಸದಿದ್ದಾಗ ಮಾತ್ರ ಸರ್ವೇಶ್ವರನೆಂಬ ನಾಮವು ನಮ್ಮ ನಡುವೆ ನಿಜವಾಗಿಯೂ ಪೂಜಿತವಾಗುವುದು. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರಕ್ಕೆ ಆ ವರವನ್ನು ಸರ್ವೇಶ್ವರನು ಅನುಗ್ರಹಿಸಲಿ.