ಮಜೋರ್ಡಾದ ಪಿಟೀಲು ಗುರುಗಳು

ಕಾಸರಗೋಡಿನಿಂದ ಮುಂಬಯಿಗೆ ಹೋಗುವ ರೈಲು ಮಡಗಾಂವ್ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಮಜೋರ್ಡಾ ಎಂಬ ಸ್ಟೇಷನ್ನನ್ನು ಹಾದುಹೋಗುತ್ತದೆ. ಆ ಊರಿನವರೊಬ್ಬರ ಹೆಸರು ನಮಗೆಲ್ಲ ಬಾಯಿಪಾಠ. 1977ರ 'ಅಮರ್ ಅಕ್ಬರ್ ಆಂಥೋನಿ' ಚಿತ್ರದಲ್ಲಿ ಅಮಿತಾಭ್ ಬಚ್ಚನ್ ದೊಡ್ಡದೊಂದು ಮೊಟ್ಟೆಯೊಳಗಿಂದ ಎದ್ದುಬಂದು ಹಾಡಿನಲ್ಲಿ ಹೇಳಿಕೊಳ್ಳುವ ಹೆಸರದು: ಆಂಥೋನಿ ಗೊನ್ಸಾಲ್ವಿಸ್. ನಗಿಸಲಿಕ್ಕೆಂದು ಕಟ್ಟಿದ ಹೆಸರೆಂದೇ ನಾವೂ ಬಹುಕಾಲ ತಿಳಿದಿದ್ದೆವು. ಅಲ್ಲ, ಅದು ನಿಜವಾಗಿ ಬಾಳಿ ಹೋದ ಪಿಟೀಲು ವಿದ್ವಾಂಸರೊಬ್ಬರ ಹೆಸರು.

ಗೊನ್ಸಾಲ್ವಿಸರು ಹುಟ್ಟಿದ್ದು 1927ರಲ್ಲಿ. ತಂದೆ ಊರಿನ ಇಗರ್ಜಿಯ ಗಾಯನವೃಂದದ ಗುರು. ಪೋರ್ಚುಗೀಸರ ಕಾಲದ ಗೋವೆಯಲ್ಲಿ ಇಗರ್ಜಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಕಲಿಸುವ ಗುರುವಿಗೆ ಪೋರ್ಚುಗೀಸಿನಲ್ಲಿ ಮೆಸ್ತ್ರೆ ಎಂಬ ಹೆಸರು. ನಮ್ಮಲ್ಲಿ ಮರಗೆಲಸದವರನ್ನು ಕರೆಯುವ ಮೇಸ್ತ್ರಿ ಎಂಬ ಮಾತೂ ಅಲ್ಲಿಂದಲೇ ಬಂದದ್ದು. ಹೊಟ್ಟೆಪಾಡಿಗಾಗಿ ಈ ವಿದ್ಯೆಯನ್ನು ಹೊತ್ತು ಮುಂಬಯಿಗೆ ಹೋದ ಗೋವೆಯವರು ಅನೇಕರು.

1943ರಲ್ಲಿ, ಹದಿನಾರರ ಹರೆಯದಲ್ಲಿ, ಇವರೂ ಹೋಗಿ ನೌಷಾದರ ವಾದ್ಯವೃಂದ ಸೇರಿದರು. ಆಗಿನ ಸಿನಿಮಾ ಸಂಗೀತದ ರೀತಿಯನ್ನು ಸ್ವಲ್ಪ ಹೇಳಬೇಕು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಧಾಟಿ ಕೂರಿಸಿ ಕೊಡುವರು. ಅದನ್ನು ಐದು ಗೆರೆಗಳ ಸ್ವರಲಿಪಿಯಲ್ಲಿ ಬರೆದು, ಹತ್ತಾರು ಪಿಟೀಲುಗಳು ಎಲ್ಲಿ ಏಳಬೇಕು, ಕೊಳಲು ಎಲ್ಲಿ ತುಂಬಬೇಕು, ಯಾವುದು ಎಲ್ಲಿ ಸುಮ್ಮನಿರಬೇಕು ಎಂದು ಗೊತ್ತುಮಾಡುವವರು ಬೇರೆ. ಗೊನ್ಸಾಲ್ವಿಸರದು ಈ ಕೆಲಸ. 'ಮಹಲ್' (1949), 'ನಯಾ ದೌರ್' (1957) ಮೊದಲಾದ ಚಿತ್ರಗಳಲ್ಲಿ ಅವರ ದುಡಿಮೆಯಿದೆ. ಆದರೆ ಇಂಥ ದುಡಿಮೆಗಾರರ ಹೆಸರು ತೆರೆಯ ಮೇಲೆ ಬರುತ್ತಿದ್ದುದು ಅಪರೂಪ. ಇದು ನ್ಯಾಯವಲ್ಲವೆಂದೇ ನಮ್ಮ ಎಣಿಕೆ.

ಬಾಂದ್ರಾದಲ್ಲಿ ಅವರು ಪಾಠವನ್ನೂ ಹೇಳುತ್ತಿದ್ದರು. ಆರ್. ಡಿ. ಬರ್ಮನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರ ಶಿಷ್ಯರು. ಇಗರ್ಜಿಯಲ್ಲಿ ಕಲಿತ ಸಂಗೀತ ಒಂದು ಕಡೆ, ಹಿಂದೂಸ್ತಾನಿ ರಾಗಗಳು ಇನ್ನೊಂದು ಕಡೆ. ಎರಡರಲ್ಲಿ ಒಂದನ್ನೂ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಮನೆಯಲ್ಲೊಂದು, ಅಂಗಡಿಯಲ್ಲೊಂದು ಭಾಷೆಯಾಡುವ ನಮ್ಮ ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾರಂಗ ರಾಗವನ್ನು ಆಧರಿಸಿ ಪಾಶ್ಚಾತ್ಯ ವಾದ್ಯವೃಂದಕ್ಕೆ ಕೃತಿ ರಚಿಸಿದರು. 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ಲತಾ ಮಂಗೇಶ್ಕರ್, ಮನ್ನಾ ಡೇ ಅವರಂಥವರನ್ನು ಅದರೊಂದಿಗೆ ಹಾಡಿಸಿದರು.

1965ರಲ್ಲಿ ಸಿನಿಮಾ ಬಿಟ್ಟು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಮರಳಿ ಬಂದ ಮೇಲೆ ಮಜೋರ್ಡಾದಲ್ಲಿ ನೆಲಸಿದರು. ಮುಂಬಯಿ ಅವರನ್ನು ಮರೆಯುತ್ತ ಬಂತು. ಪ್ಯಾರೇಲಾಲ್ ಮರೆಯಲಿಲ್ಲ, ತಾವು ಸಂಗೀತ ಕೊಟ್ಟ ಆ ಚಿತ್ರದ ನಾಯಕನಿಗೆ ಗುರುವಿನ ಹೆಸರನ್ನೇ ಇಡಿಸಿದರು. ಕಳ್ಳಭಟ್ಟಿ ಮಾರುವವನ ಪಾತ್ರಕ್ಕೆ ಗುರುಗಳ ಹೆಸರೇ ಎಂದು ಮೇಷ್ಟರಾದ ನಮಗೆ ಒಮ್ಮೆ ಕಸಿವಿಸಿಯಾದದ್ದುಂಟು. ಆದರೂ ತೆರೆಯ ಮೇಲೆ ಬಾರದೆ ಹೋದ ಹೆಸರು ಹೀಗೆ ಊರೂರಿನ ಮಕ್ಕಳ ಬಾಯಲ್ಲಿ ಬಂತು.

ಗೊನ್ಸಾಲ್ವಿಸರು 2012ರ ಜನವರಿ 18ರಂದು ಗೋವೆಯಲ್ಲಿ ತೀರಿಕೊಂಡರು.