ಪಕ್ಷಿಮಿತ್ರ ಸಲೀಂ ಅಲಿ

ಕನ್ನಡ ನಾಡಿನಿಂದ ಬಂದು ಕೂಕಟ್‌ಪಲ್ಲಿಯಲ್ಲಿ ನೆಲೆಸಿರುವ ನಮಗೆ ಹೈದರಾಬಾದು ಹೊರನಾಡಾದರೂ ಪರನಾಡಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯದ ನೆಲವೇ ಆಗಿದ್ದವು. ಆ ನೆಲದ ಹಕ್ಕಿಗಳನ್ನೂ ಅನಂತರ ಮೈಸೂರು ಸೀಮೆಯ ಹಕ್ಕಿಗಳನ್ನೂ ಕಾಡುಮೇಡು ಅಲೆದು ಬರೆದಿಟ್ಟ ಮಹನೀಯರೊಬ್ಬರಿದ್ದರು. ಅವರೇ ಸಲೀಂ ಅಲಿ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಬಾಲ್ಯದಲ್ಲಿ ಗಾಳಿಕೋವಿಯಿಂದ ಗುಬ್ಬಚ್ಚಿಗಳಿಗೆ ಗುರಿಯಿಡುವುದು ಅವರ ಆಟ. ಒಮ್ಮೆ ಕೆಳಗುರುಳಿದ ಹಕ್ಕಿಯ ಕೊರಳಲ್ಲಿ ಹಳದಿ ಕಲೆಯೊಂದು ಕಂಡಿತು. ಅದಾವುದೆಂದು ಮಾವನಿಗೂ ತಿಳಿಯದಿರಲು, ಹುಡುಗನು ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದನು. ಅಲ್ಲಿನ ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ವೃತ್ತಿಯಿಂದ ವರ್ತಕರು. ಸೊಸೈಟಿಯ ಕೆಲಸ ಅವರ ಬಿಡುವಿನ ಸೇವೆ. ಅವರು ಬೇಸರಿಸದೆ ಹಕ್ಕಿಯ ಹೆಸರು ಹೇಳಿದುದಲ್ಲದೆ, ಅಲ್ಲಿದ್ದ ಪಕ್ಷಿಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಆ ಒಂದು ಗಳಿಗೆ ಬಾಲಕನ ಬಾಳನ್ನೇ ತಿರುಗಿಸಿತು.

ಬದುಕು ಮಾತ್ರ ಸುಗಮವಾಗಲಿಲ್ಲ. ಬರ್ಮಾದಲ್ಲಿ ಕೈಗೊಂಡ ವ್ಯಾಪಾರ ಫಲಿಸಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ದೊರೆಯಿತು. ಬರ್ಲಿನ್ನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತು ಹಿಂದಿರುಗುವಷ್ಟರಲ್ಲಿ, ಹಣದ ಅಭಾವದಿಂದ ಆ ಹುದ್ದೆಯೇ ಇಲ್ಲವಾಗಿತ್ತು. ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿ ಅವರು ಗೀಜಗಗಳನ್ನು ನೋಡುತ್ತ ಕುಳಿತರು. ಗಂಡು ಅರ್ಧ ಗೂಡು ಹೆಣೆಯುತ್ತದೆ. ಹೆಣ್ಣು ಮೆಚ್ಚಿದರೆ ಅದನ್ನು ಮುಗಿಸಿಕೊಟ್ಟು ಮತ್ತೊಂದಕ್ಕೆ ತೊಡಗುತ್ತದೆ. ಈ ಸಂಸಾರದ ಗುಟ್ಟು ಹೀಗೆ ಹೊರಬಿದ್ದಿತು.

ಕೆಲಸವಿಲ್ಲದ ಆ ದಿನಗಳಲ್ಲೇ ಅವರೊಂದು ಉಪಾಯ ಕಂಡುಕೊಂಡರು. ಶಿಬಿರದ ಮತ್ತು ಪ್ರಯಾಣದ ವೆಚ್ಚ ಭರಿಸಿದರೆ ಸಾಕು, ಸಂಬಳವಿಲ್ಲದೆ ಸಂಸ್ಥಾನಗಳ ಪಕ್ಷಿಸಮೀಕ್ಷೆ ಮಾಡಿಕೊಡುವೆನೆಂದು ಮುಂದೆ ಬಂದರು. ಹೀಗೆ 1931-32ರಲ್ಲಿ ನಡೆದುದೇ ಹೈದರಾಬಾದು ಸಮೀಕ್ಷೆ. ಪತ್ನಿ ತೆಹ್ಮೀನಾ ಅವರು ಕಾಡಿನ ಬಿಡಾರಗಳಲ್ಲಿ ಜೊತೆಗಿದ್ದು ಆಸರೆಯಾದರು. 1939ರಲ್ಲಿ ಆಕೆ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಆ ದುಃಖವನ್ನು ಹೊತ್ತುಕೊಂಡೇ ಸಲೀಂ ಅಲಿ ಅದೇ ವರ್ಷ ಮೈಸೂರು ಸಮೀಕ್ಷೆಗೆ ಹೊರಟರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1941ರಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಚಿತ್ರಸಹಿತ ಪುಸ್ತಕ ಹೊರಬಂದು, ಸಾಮಾನ್ಯರಿಗೂ ಹಕ್ಕಿಯ ಹೆಸರು ಹೇಳಿಕೊಟ್ಟಿತು. ಮುಂದೆ ರಿಪ್ಲೆಯವರೊಡನೆ ರಚಿಸಿದ ಕೈಪಿಡಿ 10 ಸಂಪುಟಗಳಲ್ಲಿ ಬಂದಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಪಡೆದ ಅವರು 1987ರ ಜೂನ್ 20ರಂದು ನಿಧನರಾದರು. ಮೊದಲಿಗೆ ಯಾವ ಪದವಿಯೂ ಇಲ್ಲದೆ, ಸಂಬಳವೂ ಇಲ್ಲದೆ ತೊಡಗಿದ ಕೆಲಸ ಇಡೀ ದೇಶದ ಆಸ್ತಿಯಾಯಿತು.

ಕೂಕಟ್‌ಪಲ್ಲಿಯ ಸುತ್ತ ಕಟ್ಟಡಗಳು ಏರಿದಂತೆ ಕೆರೆಗಳು ಕುಗ್ಗಿವೆ. ಆದರೂ ಇಲ್ಲಿಗೆ ಹೆಚ್ಚು ದೂರವಿಲ್ಲದ ಅಮೀನ್‌ಪುರ ಕೆರೆ ಉಳಿದು, 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ರಜೆಯ ಮುಂಜಾನೆಗಳಲ್ಲಿ ದುರ್ಬೀನು ಹಿಡಿದು ಅಲ್ಲಿಗೆ ಹೋಗಿ ಹಕ್ಕಿಗಳನ್ನು ಗುರುತಿಸಿ ಬರೆದಿಡುವವರು ಸಲೀಂ ಅಲಿಯವರ ಹಾದಿಯವರೇ. ಅವರ ಜನ್ಮದಿನ ನಮ್ಮ ರಾಜ್ಯೋತ್ಸವದ ತಿಂಗಳಲ್ಲೇ ಬರುತ್ತದೆ. ದೂರದೇಶದ ಹಕ್ಕಿಗಳು ನಮ್ಮ ಕೆರೆಗಳಿಗೆ ಬಂದಿಳಿಯುವ ಕಾಲವೂ ಅದೇ. ಅವೂ ನಮ್ಮಂತೆ ವಲಸೆ ಬಂದವು. ಆ ದಿನ ನಮ್ಮ ಮಕ್ಕಳನ್ನು ಕೆರೆಯ ಏರಿಗೆ ಕರೆದೊಯ್ದು ಕೊಕ್ಕರೆ, ಮಿಂಚುಳ್ಳಿಗಳನ್ನು ಕನ್ನಡದ ಹೆಸರಿನಲ್ಲೇ ಪರಿಚಯಿಸೋಣ. ಮಗುವಿನ ಪ್ರಶ್ನೆಗೆ ಬೇಸರಿಸದೆ ಉತ್ತರಿಸುವ ಮಿಲ್ಲಾರ್ಡ್ ನಮ್ಮ ಮನೆಮನೆಯಲ್ಲೂ ಇರಲಿ.