ಪಂಡಿತಾ ರಮಾಬಾಯಿ ಕಂಡ ಸಾಂತ್ವನ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ದಟ್ಟಡವಿಯಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಜನಿಸಿತು. ತಂದೆ ಅನಂತಶಾಸ್ತ್ರಿ ಡೋಂಗರೆಯವರ ಮನೆಮಾತು ಮರಾಠಿ. ಹುಟ್ಟಿದ ನೆಲ ಮಾತ್ರ ಕನ್ನಡದ್ದು. ಸ್ತ್ರೀಯರು ಸಂಸ್ಕೃತ ಓದಬಾರದೆಂದು ಲೋಕವು ವಿಧಿಸಿದ್ದ ಕಾಲದಲ್ಲಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದ್ದರು. ಆ ತಾಯಿಯೇ ಮಗಳಿಗೆ ಗುರುವಾದರು. ಈ ಮಗಳೇ ಪಂಡಿತಾ ರಮಾಬಾಯಿ. ಅವರ ಪಾಂಡಿತ್ಯವನ್ನು ಎಲ್ಲರೂ ಹೊಗಳುವರು. ನಾವಿಲ್ಲಿ ಅವರ ದುಃಖವನ್ನೂ ಅದಕ್ಕೆ ದೊರೆತ ಸಾಂತ್ವನವನ್ನೂ ಹೇಳಬಯಸುತ್ತೇವೆ.

ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಿದ್ದ ಆ ಸಂಸಾರವು ದಕ್ಷಿಣದ ಕ್ಷಾಮಕ್ಕೆ ಸಿಲುಕಿತು. ಕೈಯಲ್ಲಿದ್ದುದೆಲ್ಲ ಕರಗಿತು. ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಈಚಲಹಣ್ಣು ಇಷ್ಟೇ ಆಹಾರ. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ಹೆಣ ಹೊರಲು ಸಾಕಷ್ಟು ಜನ ಸಿಕ್ಕಲಿಲ್ಲ. ಅಣ್ಣ ಶ್ರೀನಿವಾಸನೊಡನೆ ರಮಾಬಾಯಿಯೇ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಕುಳ್ಳಗಿದ್ದುದರಿಂದ ತಮ್ಮ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತರು. ಮುಂದೆ ಅಕ್ಕನೂ ಮೃತಳಾದಳು. ಉಳಿದಿಬ್ಬರು ಸಾವಿರಾರು ಮೈಲಿ ನಡೆದರು. ಝೇಲಮ್ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗೋರಿಯಂಥ ಎರಡು ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು ರಾತ್ರಿ ಕಳೆದುದುಂಟು. ವ್ರತನಿಯಮಗಳೆಲ್ಲವನ್ನೂ ಪಾಲಿಸಿದ ತಾಯ್ತಂದೆಗಳಿಗೇ ಈ ಗತಿಯೇಕೆ ಎಂಬ ಪ್ರಶ್ನೆ ಆಗಲೇ ಮನಸ್ಸಿನಲ್ಲಿ ಮೊಳೆತಿತ್ತು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. 1882ರಲ್ಲಿ ಕಾಲರಾ ಅವರನ್ನೂ ಒಯ್ದಿತು. ಇಪ್ಪತ್ತನಾಲ್ಕು ತುಂಬದ ವಿಧವೆಯ ಕೈಯಲ್ಲಿ ಮನೋರಮೆಯೆಂಬ ಹಸುಗೂಸು.

1883ರಲ್ಲಿ ರಮಾಬಾಯಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಸಮಾಜವು ಹೊರದೂಡಿದ ಹೆಂಗಸರನ್ನು ಕ್ರೈಸ್ತ ಸಂನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಕಂಡು ಅವರ ಮನಸ್ಸು ಕರಗಿತು. ಅದೇ ವರ್ಷ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಏಸುಸ್ವಾಮಿಯ ಪರ್ವತಪ್ರಸಂಗವು ದುಃಖಿಸುವವರನ್ನು ಧನ್ಯರ ಸಾಲಿಗೆ ಸೇರಿಸಿ, ಅವರಿಗೆ ಸಾಂತ್ವನವುಂಟೆಂದು ಮಾತು ಕೊಡುತ್ತದೆ. ಕೇಳಲು ಇದು ಒಗಟಿನಂತಿದೆ. ರಮಾಬಾಯಿಯವರಿಗೂ ಆ ಸಾಂತ್ವನವು ದೀಕ್ಷೆಯೊಡನೆ ಬರಲಿಲ್ಲ. ತಮಗೆ ಮತವು ದೊರೆಯಿತೇ ಹೊರತು ಕ್ರಿಸ್ತನು ದೊರೆಯಲಿಲ್ಲವೆಂಬ ಕೊರತೆ ಎಂಟು ವರ್ಷ ಕಾಡಿ, 1891ರ ಸುಮಾರಿಗೆ ನೀಗಿತು. ಇದನ್ನು ಅವರು ಮುಚ್ಚಿಡದೆ ಬರೆದಿಟ್ಟುದೇ ನಮಗೆ ದೊಡ್ಡ ಗುಣವಾಗಿ ತೋರುತ್ತದೆ.

ಅಷ್ಟರಲ್ಲಿ, 1889ರಲ್ಲಿ, ಬಾಲವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದು ಮರುವರ್ಷ ಪುಣೆಗೆ ತಂದಿದ್ದರು. ಮತಾಂತರದ ಆರೋಪವೆದ್ದು 1893ರಲ್ಲಿ ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ವಾದ ಇಲ್ಲಿ ಬೇಡ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ತಲೆದೋರಿತು. ಆ ಸುದ್ದಿ ಬಂದಾಗ ರಮಾಬಾಯಿಯವರಿಗೆ ಈಚಲಹಣ್ಣಿನ ಆ ದಿನಗಳು ನೆನಪಾದುವು. ಸಾಂತ್ವನವೆಂದರೆ ಮರೆವು ಎಂದು ನಾವು ತಿಳಿಯುತ್ತೇವೆ; ಅವರು ಏನನ್ನೂ ಮರೆತಿರಲಿಲ್ಲ. ತಾವೇ ಹೋಗಿ, ಮೂಳೆಚಕ್ಕಳವಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ರೈಲಿನಲ್ಲಿ ಊರಿಗೆ ಹೋಗುವ ನಿಮ್ಮಲ್ಲಿ ಕೆಲವರು ಕೇಡಗಾಂವ ನಿಲ್ದಾಣವನ್ನು ನೋಡಿರಬಹುದು. ಅಲ್ಲಿಯ ಹೊಲದಲ್ಲಿ ಅವರಿಗಾಗಿ ಎದ್ದುದೇ ಮುಕ್ತಿಸದನ. 1900ರ ಗುಜರಾತಿನ ಕ್ಷಾಮದಲ್ಲಿ ಮತ್ತಷ್ಟು ಮಂದಿ ಬಂದರು. ನೇಯ್ಗೆ, ಬೇಸಾಯ, ಅಡಿಗೆ, ಅಚ್ಚಿನ ಕೆಲಸ ಎಲ್ಲವನ್ನೂ ಅವರು ಅಲ್ಲಿ ಕಲಿತರು. 1905ರಲ್ಲಿ ಪ್ರಾರ್ಥನೆಯ ವೇಳೆ ಹುಡುಗಿಯರು ತಂತಮ್ಮ ತಪ್ಪುಗಳನ್ನು ನೆನೆದು ಗಟ್ಟಿಯಾಗಿ ಅತ್ತು, ಬಳಿಕ ಹರ್ಷದಿಂದ ಹಾಡಿದರಂತೆ. ಕ್ರೈಸ್ತ ಸಾಧನೆಯಲ್ಲಿ ಅಗಲಿದವರಿಗಾಗಿ ಅಳುವುದರಂತೆ ತನ್ನ ತಪ್ಪಿಗಾಗಿ ಅಳುವುದೂ ಒಂದು ಶೋಕವೇ.

ತಾಯಿಯ ಬಲಗೈಯಾಗಿ ನಿಂತು, ಕಲಬುರ್ಗಿಯಲ್ಲಿ ಶಾಲೆಯನ್ನೂ ನಡೆಸಿದ ಮನೋರಮೆ 1921ರ ಜುಲೈಯಲ್ಲಿ ತೀರಿಕೊಂಡಳು. ಅರವತ್ತಮೂರರ ತಾಯಿಗೆ ಆಗ ಕಿವಿ ಕೇಳಿಸುತ್ತಿರಲಿಲ್ಲ, ದೇಹ ಸೋತಿತ್ತು. ಹೀಬ್ರೂ, ಗ್ರೀಕ್ ಮೂಲಗಳಿಂದ ಮರಾಠಿಗೆ ಮಾಡುತ್ತಿದ್ದ ಬೈಬಲಿನ ಅನುವಾದವನ್ನು ಆಕೆ ಕೈಬಿಡಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. ಮುಕ್ತಿಯ ಹೆಂಗಸರು ತಮ್ಮ ಮುದ್ರಣಾಲಯದಲ್ಲಿ ಅದರ ಅಚ್ಚುಮೊಳೆಗಳನ್ನು ಜೋಡಿಸಿದರು. ಇಡಿಯ ಗ್ರಂಥ 1924ರಲ್ಲಿ ಹೊರಬಂದಿತು.